ಚಿನ್ನಯ್ಯಣ್ಣನ ಮಡಿಲು

ಕಮಲಾತಾಳ್ ಅರವತ್ತು ದಾಟಿದ ಮೇಲೆ ಗಂಡಸಾದಳು. ಅದು ಪವಾಡವೂ ಅಲ್ಲ, ಶಾಪವೂ ಅಲ್ಲ. ಬೇರೆ ವೇಷಗಳೆಲ್ಲ ಆಗಲೇ ಹಂಚಿಹೋಗಿದ್ದವು, ಅಷ್ಟೆ.

ಕೊಯಮತ್ತೂರಿನ ಕುರಿಚಿಯಲ್ಲಿ, ಫೌಂಡ್ರಿಗಳ ಸಾಲಿನ ಹಿಂದಿನ ಬೀದಿಯಲ್ಲಿ ಅವಳ ಮನೆ. ಮಗ ಸರವಣಕುಮಾರ್ ಅಲ್ಲೇ ಒಂದು ಫೌಂಡ್ರಿಗೆ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಗೋಮತಿ ಬನಿಯನ್ ಕಂಪನಿಯಲ್ಲಿ ಚೆಕಿಂಗ್. ಕಮಲಾತಾಳ್ ಮನೆಯ ಮುಂಭಾಗದಲ್ಲಿ ಗ್ರೈಂಡರ್ ಇಟ್ಟುಕೊಂಡು ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಾಳೆ. ಕುಲದಲ್ಲಿ ನೇಕಾರರು. ಮುತ್ತಾತನ ಕಾಲದಿಂದ ಇದೇ ಸೀಮೆಯಲ್ಲಿದ್ದು, ಬೀದಿಗೆ ತಮಿಳು, ಒಲೆಯ ಮುಂದೆ ಕನ್ನಡ ಎಂದು ಎರಡಕ್ಕೂ ಜಾಗ ಹಂಚಿಕೊಟ್ಟವರು. ಕನ್ನಡದ ಅಕ್ಷರವನ್ನು ಆ ಮನೆಯಲ್ಲಿ ಕಣ್ಣಿಂದ ಕಂಡವರೂ ಕಡಿಮೆ.

ಗಂಡನಿದ್ದಾಗ ಅವನ ಮಗ್ಗಕ್ಕೆ ನೂಲು ಸುತ್ತಿ ಕೊಟ್ಟವಳು ಅವಳೇ. ಗಂಡ ಹೋದ, ಮಗ್ಗವೂ ಹೋಯಿತು. ಆಮೇಲೆ ಮದುವೆ, ಸೀಮಂತ, ಹೆಸರಿಡುವುದು ಎಲ್ಲದರಲ್ಲೂ ಅವಳ ಜಾಗ ಹಿಂದಿನ ಸಾಲಿಗೆ ಸರಿಯಿತು. ಯಾರೂ ಬೈದು ಕಳಿಸಿದ್ದಲ್ಲ. ಕುಂಕುಮದ ತಟ್ಟೆ ಅವಳ ಹತ್ತಿರ ಬಂದಾಗ ಹಿಡಿದವಳ ಕೈ ತಾನಾಗಿ ಪಕ್ಕಕ್ಕೆ ತಿರುಗುತ್ತಿತ್ತು. ಅದು ತಿರುಗುವ ಮೊದಲೇ ಎದ್ದು ಅಡುಗೆಯ ಕಡೆ ಹೋಗುವುದನ್ನು ಕಮಲಾತಾಳ್ ಕಲಿತುಕೊಂಡಳು. ನೋವಾಗುತ್ತಿತ್ತು, ಚೆನ್ನಾಗಿಯೇ ಆಗುತ್ತಿತ್ತು. ಆದರೆ ಹಿಟ್ಟಿನ ವ್ಯಾಪಾರದವಳ ನೋವನ್ನು ಕೇಳುವುದಕ್ಕೆ ಗಿರಾಕಿಗಳಿಗೆ ಪುರುಸೊತ್ತಿರುವುದಿಲ್ಲ.

ಹೀಗಿರುವಾಗ ಗೋಮತಿ ಅತ್ತೆಯ ಫೋನಿನಲ್ಲಿ ಒಂದು ವಾಟ್ಸಾಪ್ ಗುಂಪು ಸೇರಿಸಿಕೊಟ್ಟಳು. ಗುಂಪಿನ ಹೆಸರು ಅರಳಿಪಟ್ಟಿ. ಅದು ಒಂದು ಊರು, ಆದರೆ ಯಾವ ಬಸ್ಸೂ ಹೋಗದ ಊರು. ತಿರುಪ್ಪೂರಿನಲ್ಲಿ ನೂಲಿನ ಅಂಗಡಿ ಇಟ್ಟಿರುವ ವೆಂಕಟಾಚಲಂ ಎಂಬವರು ಮನೆಮಾತು ಮರೆತುಹೋಗದಿರಲಿ ಎಂದು ಅದನ್ನು ಕಟ್ಟಿದ್ದರು. ಒಬ್ಬೊಬ್ಬರು ಒಂದೊಂದು ವೇಷ ಹಾಕಿಕೊಂಡು, ತಮಿಳು ಅಕ್ಷರದಲ್ಲಿ ಕನ್ನಡ ಬರೆಯುತ್ತ, ಆ ಊರಿನ ಕತೆಯನ್ನು ದಿನಾ ಮುಂದಕ್ಕೆ ನಡೆಸಬೇಕು. ವೆಂಕಟಾಚಲಂ ಊರಗೌಡ. ಜಗಳಗಂಟಿ ಅತ್ತೆ, ಸೂಲಗಿತ್ತಿ, ಮಂತ್ರ ಹಾಕುವವಳು, ಅಂಗಡಿಯವನು ಎಲ್ಲ ಇದ್ದರು. ಕಮಲಾತಾಳ್ ಸೇರಿದಾಗ ಉಳಿದಿದ್ದದ್ದು ಒಂದೇ ವೇಷ: ಎತ್ತಿನ ವ್ಯಾಪಾರಿ ಚಿನ್ನಯ್ಯ.

“ಗಂಡಸ್ರ ವೇಷ ನನಗ್ಯಾಕೆ?” ಎಂದಳು.

“ಮೊಕ ಯಾರ್ ನೋಡ್ತಾರೆ ಅತ್ತೆ? ಹಾಕ್ಕೊಳಿ ಸುಮ್ನೆ,” ಎಂದು ಗೋಮತಿ ಹೆಸರಿನ ಜಾಗದಲ್ಲಿ ಚಿನ್ನಯ್ಯಣ್ಣ ಎಂದು ಬರೆದು, ಫೋಟೋದ ಜಾಗದಲ್ಲಿ ಕಾಂಗೇಯದ ಒಂದು ಎತ್ತನ್ನು ಕೂರಿಸಿದಳು.

ಊರಗೌಡರ ಕಟ್ಟಳೆ ಮೂರು. ಒಬ್ಬರ ಬಾಯಲ್ಲಿ ಇನ್ನೊಬ್ಬರು ಮಾತಾಡಬಾರದು. ಒಂದು ಸಲ ಹೇಳಿದ ಮಾತನ್ನು ಯಾರೂ ಅಳಿಸಬಾರದು, ಇಷ್ಟವಿರಲಿ ಬಿಡಲಿ, ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು. ನಿಜವಾದ ಹೆಸರು, ಮುಖ, ದನಿ ಯಾವುದನ್ನೂ ಹೊರಗೆ ಬಿಡಬಾರದು.

ಕಮಲಾತಾಳ್‌ಗೆ ಮೊದಲು ಏನೂ ತಲೆಗೆ ಹೋಗಲಿಲ್ಲ. ಗಂಡಸಾದ ಮೇಲೆ ಗಂಡಸಿನ ಕೆಲಸ ಮಾಡಬೇಕಲ್ಲ ಎಂದು ಚಿನ್ನಯ್ಯನಿಂದ ಸಾಹಸ ಮಾಡಿಸಿದಳು. ಬೆಳಿಗ್ಗೆ ಅವನು ಕಳ್ಳರನ್ನು ಹಿಡಿದ. ಮಧ್ಯಾಹ್ನ ಅವನ ಎತ್ತು ರೇಸಿನಲ್ಲಿ ಗೆದ್ದಿತು. ಸಂಜೆ ಹಳೇ ಬಾವಿಯಲ್ಲಿ ನಿಧಿ ಸಿಕ್ಕಿತು. ಅರಳಿಪಟ್ಟಿಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಎರಡು ದಿನ ಗುಂಪು ಸ್ಮಶಾನದ ಹಾಗೆ ಬಿದ್ದಿತ್ತು. ತಾನೇನು ತಪ್ಪು ಮಾಡಿದೆ ಎಂದು ಅವಳು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕಡೆಗೆ ಊರಗೌಡರೇ ಬೇರೆಯಾಗಿ ಬರೆದರು: “ಎಲ್ಲಾ ನೀವೇ ಮಾಡಿಟ್ಟುಬಿಟ್ರೆ ನಾವೇನ್ ಮಾಡದು ಚಿನ್ನಯ್ಯಾ?”

ಆ ಮಾತು ಅವಳಿಗೆ ಅರ್ಥವಾದದ್ದು ಗ್ರೈಂಡರಿನ ಮುಂದೆ. ಉದ್ದಿಗೆ ನೀರನ್ನು ಒಮ್ಮೆಗೇ ಸುರಿದರೆ ಹಿಟ್ಟು ಉಬ್ಬುವುದಿಲ್ಲ. ಚಿಮುಕಿಸಬೇಕು, ಕಾಯಬೇಕು, ಕಲ್ಲು ತನ್ನ ಪಾಲಿನ ಕೆಲಸ ಮಾಡಿದ ಮೇಲೆ ಮತ್ತೆ ಚಿಮುಕಿಸಬೇಕು. ಕೈ ಒರೆಸಿಕೊಂಡು ಅವಳು ಚಿನ್ನಯ್ಯನಾಗಿ ಒಂದೇ ಸಾಲು ಬರೆದಳು: “ಬಲಗಡೆ ಎತ್ತು ಕಾಲೂರ್ತಿಲ್ಲ. ಏನ್ ಮಾಡ್ಲಿ ಅಂತ ಗೊತ್ತಾಯ್ತಿಲ್ಲೆ.”

ಬಾಯಿಗೆ ಬೀಗ ಹಾಕಿಕೊಂಡಿದ್ದ ಊರು ಒಮ್ಮೆಗೇ ಎದ್ದು ಬಂತು. ಸೂಲಗಿತ್ತಿ ಎಣ್ಣೆ ಕಾಯಿಸಿದಳು. ಜಗಳಗಂಟಿ ಅತ್ತೆ, ಎತ್ತಿಗೆ ಹೊಟ್ಟೆಗೆ ಹಾಕದೆ ನಡೆಸಿದರೆ ಇನ್ನೇನಾಗುತ್ತದೆ ಎಂದು ಬೈದಳು. ಅಂಗಡಿಯವನು ಲಾಡದವನನ್ನು ಕರೆದುಕೊಂಡು ಬಂದ. ನಿಧಿ ಸಿಕ್ಕಾಗ ತಿರುಗಿ ನೋಡದವರೆಲ್ಲ ಒಂದು ಕುಂಟು ಕಾಲಿನ ಸುತ್ತ ನೆರೆದುಬಿಟ್ಟರು. ಗೆದ್ದವನಿಗೆ ಯಾರ ಹಂಗಿದೆ? ಬಿದ್ದವನ ಹತ್ತಿರ ಮಾತ್ರ ಇನ್ನೊಬ್ಬರು ಕೂರುವುದಕ್ಕೆ ಜಾಗ ಇರುತ್ತದೆ. ಅದು ತಿಳಿದ ದಿನ ಕಮಲಾತಾಳ್ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಳು.

ಆ ಜಂಗುಳಿಯಲ್ಲೇ ಪೊನ್ನಾತಾ ಎಂಬ ಹೊಸ ಸೊಸೆಯ ವೇಷದವಳು ಬಾಗಿಲಿಗೆ ಬಂದು, “ಅಣ್ಣಾ, ಎತ್ತು ಇರ್ಲಿ, ನಿನ್ ಕಾಲ್ಯಾಕೆ ಊದಿದೆ? ಕೂತ್ಕೊ, ನೀರ್ ಕೊಡ್ತೀನಿ,” ಎಂದಳು. ಕಾಲು ಊದಿದ್ದು ಚಿನ್ನಯ್ಯನದಲ್ಲ. ದಿನವಿಡೀ ನಿಂತು ಹಿಟ್ಟು ಅಳೆಯುವ ಕಮಲಾತಾಳ್‌ದು. ಮೊದಲಿನ ಸಾಹಸಗಳ ಮಾತಿನ ನಡುವೆ ಅದನ್ನು ಚಿನ್ನಯ್ಯನಿಗೆ ಅಂಟಿಸಿದ್ದಳು, ಮರೆತೂ ಬಿಟ್ಟಿದ್ದಳು. ಇವಳು ಮರೆತಿರಲಿಲ್ಲ. ಮನೆಯಲ್ಲಿ ಯಾರೂ ಕೇಳದ ಕಾಲನ್ನು ಕಂಡರಿಯದ ಹುಡುಗಿಯೊಬ್ಬಳು ಕೇಳಿದಾಗ ಕಮಲಾತಾಳ್‌ಗೆ ಕಣ್ಣಲ್ಲಿ ನೀರು ಬಂತು.

ಆವತ್ತಿನಿಂದ ಅವರಿಬ್ಬರೂ ಅಣ್ಣ ತಂಗಿ. ಚಿನ್ನಯ್ಯ ಎಲ್ಲಿಗೆ ಹೋದರೂ ಪೊನ್ನಾತಾಳ ಜಗಲಿಯಲ್ಲಿ ಕೂತು ಹೋಗುತ್ತಿದ್ದ. ಉಂಡೆಯಾ ಎನ್ನುತ್ತಿದ್ದ. ಅತ್ತೆ ಏನಂದಳು ಎಂದು ಕೇಳಿ, ಬುದ್ಧಿ ಹೇಳದೆ, ಕೇಳಿಸಿಕೊಂಡು ಕೂತಿರುತ್ತಿದ್ದ. ಏಳುವಾಗ ಮಾತ್ರ ಹೋಗುತ್ತೇನೆ ಎನ್ನುತ್ತಿರಲಿಲ್ಲ. “ಎತ್ನ ನೆಳ್ಳಲ್ಲಿ ಕಟ್ಟಿಟ್ಟು ಬತ್ತೀನಿ ತಂಗಿ,” ಎನ್ನುತ್ತಿದ್ದ. ಹಾಗೆಂದರೆ ನಾಳೆ ಬರುತ್ತಾನೆ ಎಂದು ಅರ್ಥ.

ಇಂಥ ಅಣ್ಣನನ್ನು ಕಮಲಾತಾಳ್ ಎಲ್ಲಿಂದ ತಂದಳು? ತನ್ನ ತಮ್ಮನಿಂದಂತೂ ಅಲ್ಲ. ತಮ್ಮ ನಂಜಪ್ಪನ್ ವೆಳ್ಳಕೋಯಿಲಿನಲ್ಲಿ ಎಣ್ಣೆ ವ್ಯಾಪಾರ ಮಾಡಿಕೊಂಡಿದ್ದಾನೆ, ಕೆಟ್ಟವನಲ್ಲ. ಸರವಣಕುಮಾರ್ ಕೂಸಾಗಿದ್ದಾಗ ಮುಡಿ ತೆಗೆದು ಕಿವಿ ಚುಚ್ಚುವ ದಿನ, ಈ ಸೀಮೆಯ ಪದ್ಧತಿಯಂತೆ ಸೋದರಮಾವನ ಮಡಿಲಲ್ಲೇ ಕೂಸನ್ನು ಕೂರಿಸಿದ್ದರು. ಓಲೆಯನ್ನೂ ಅವನೇ ತಂದಿದ್ದ. ಒಂದು ಕಿವಿ ಚುಚ್ಚಿ ಕೂಸು ಕಿರುಚಿಕೊಂಡಿತು. ಎರಡನೆಯದು ಚುಚ್ಚಿದ್ದೇ ನಂಜಪ್ಪನ್ ಅಳುವ ಕೂಸನ್ನು ಯಾರದೋ ಕೈಗೆ ದಾಟಿಸಿ, “ಎಲೆ ಹಾಕವ್ರೆ ಅಕ್ಕಾ,” ಎಂದು ಊಟಕ್ಕೆ ಎದ್ದು ಹೋದ. ತಪ್ಪೇನಿಲ್ಲ, ಕೆಲಸ ಮುಗಿದಿತ್ತು. ಆದರೆ ಆ ಎದ್ದು ಹೋದ ಬೆನ್ನು ಅವಳ ಮನಸ್ಸಿನಲ್ಲಿ ಹಾಗೇ ಉಳಿದಿತ್ತು. ಚಿನ್ನಯ್ಯನನ್ನು ಅವಳು ಆ ಬೆನ್ನಿಗೆ ತಿರುಗುಮುರುಗಾಗಿ, ಎದ್ದು ಹೋಗದವನಾಗಿ ಮಾಡಿದ್ದಳು.

ವರ್ಷ ಎರಡಾಯಿತು. ಪೊನ್ನಾತಾಳಿಗೊಂದು ಹೆಣ್ಣು ಕೂಸೂ ಆಯಿತು. ಅರಳಿಪಟ್ಟಿಯ ಮದುವೆಗಳಲ್ಲಿ ಚಿನ್ನಯ್ಯ ಮುಂದಿನ ಸಾಲಿನಲ್ಲಿ ಕೂತ, ಅಕ್ಷತೆ ಹಾಕಿದ, ಮದುಮಗಳ ತಲೆ ಮುಟ್ಟಿ ಹರಸಿದ. ಕಮಲಾತಾಳ್ ಗ್ರೈಂಡರಿನ ಪಕ್ಕ ಕೂತು ಅದನ್ನೆಲ್ಲ ಟೈಪ್ ಮಾಡುವಾಗ ಬೆನ್ನು ನೆಟ್ಟಗಾಗುತ್ತಿತ್ತು.

ಈ ವರ್ಷದ ಚಿತ್ತಿರೈ ತಿಂಗಳು ಕಳೆಯುತ್ತಿದ್ದಾಗ ಪೊನ್ನಾತಾ ಗುಂಪಿನಲ್ಲಿ ಬರೆದಳು: “ಅಣ್ಣಾ, ಪಾಪುಗೆ ಮುಡಿ ತೆಗ್ದು ಕಿವಿ ಕುತ್ತೋದು ಬರೋ ವೈಕಾಸಿ ತಿಂಗ್ಳಲ್ಲಿ. ನಿನ್ ಮಡ್ಲಲ್ಲೇ ಕೂರಿಸ್ಬೇಕು. ಬತ್ತೀಯಾ?”

“ತಂಗಿ ಕರದ್ರೆ ಬರ್ದೆ ಇರ್ತೀನಾ?” ಎಂದ ಚಿನ್ನಯ್ಯ. ಊರೆಲ್ಲ ಸಂತೋಷದಿಂದ ಕುಲುವೆಯ ಕೂಗು ಹಾಕಿತು. ಊರಗೌಡರು ವಾದ್ಯದವರನ್ನು ಗೊತ್ತು ಮಾಡಿದರು.

ಮಾರನೆಯ ದಿನ ಪೊನ್ನಾತಾಳಿಂದ ಬೇರೆಯಾಗಿ ಒಂದು ಮೆಸೇಜ್ ಬಂತು. ಅದರಲ್ಲಿ ದಿನ ಇತ್ತು, ಹೊತ್ತು ಇತ್ತು, ಮ್ಯಾಪಿನ ಕೆಂಪು ಗುರುತು ಇತ್ತು. ಒತ್ತಿದರೆ ಅರಳಿಪಟ್ಟಿ ಬರಲಿಲ್ಲ. ವೆಳ್ಳಕೋಯಿಲಿನ ಆಚೆ, ಹೊಲದ ನಡುವಿನ ಒಂದು ಅಮ್ಮನ ಗುಡಿ ಬಂತು. ನಿಜವಾದ ಗುಡಿ, ನಿಜವಾದ ರಸ್ತೆ.

ಕಮಲಾತಾಳ್ ಗ್ರೈಂಡರ್ ನಿಲ್ಲಿಸಿದಳು. ಎಷ್ಟು ಓದಿದರೂ ತಲೆಬುಡ ಗೊತ್ತಾಗಲಿಲ್ಲ. ಇದು ಕತೆಯೋ ಕರೆಯೋ? ಚಿನ್ನಯ್ಯನಾಗಿಯೇ ಬರೆದು ಕೇಳಿದಳು: “ತಂಗಿ, ಇದು ನಮ್ಮ ಊರಲ್ಲವಲ್ಲಾ?”

ಉತ್ತರ ತಡವಾಗಿ ಬಂತು. “ಅಲ್ಲ ಅಣ್ಣಾ. ನನ್ನ ನಿಜ ಹೆಸರು ಸುಗನ್ಯಾ. ಅಮ್ಮ ಇಲ್ಲ, ಕೂಡ ಹುಟ್ಟಿದವ್ರೂ ಇಲ್ಲ. ಮಾಮನ ಮಡ್ಲಿಗೂ ನಾವೇ ಆಳ್ ಕೊಡ್ಬೇಕಾ ಅಂತ ಅತ್ತೆ ಕೇಳಿದ್ರು. ನಂಗೂ ಅಣ್ಣ ಇದಾನೆ, ದೊಡ್ಡಮ್ಮನ ಮಗ, ಬತ್ತಾನೆ ಅಂತ ಬಾಯಿಗೆ ಬಂದುಬಿಡ್ತು. ನೀನ್ಯಾರೋ ನಂಗೊತ್ತಿಲ್ಲೆ. ಕಟ್ಟಳೆ ಮೀರಿದ್ದು ತಪ್ಪು. ಆದ್ರೂ ಬಾ ಅಣ್ಣಾ.”

ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೋಗದಿದ್ದರೆ ಹುಡುಗಿ ಅತ್ತೆಯ ಮನೆಯಲ್ಲಿ ಸುಳ್ಳಿಯಾಗುತ್ತಾಳೆ, ತವರಿಲ್ಲದವಳು ಎಂಬ ಮಾತು ಅವಳ ತಲೆಯ ಮೇಲೆ ಜನ್ಮವಿಡೀ ಕೂರುತ್ತದೆ. ಹೋದರೆ ಹೋಗುವುದು ಯಾರು? ಅರವತ್ತು ದಾಟಿದ, ಹಣೆ ಬೋಳಾದ ಹೆಂಗಸು. ಶುಭಕಾರ್ಯದಲ್ಲಿ ಎದುರಿಗೆ ಬರಬಾರದವಳು ಮಡಿಲು ಒಡ್ಡುವುದೆಂದರೇನು! ಇವಳನ್ನು ಕಂಡ ಗಳಿಗೆಯಲ್ಲೇ ಸುಗನ್ಯಾಳ ಅಣ್ಣ ಸತ್ತುಹೋಗುತ್ತಾನೆ.

ಸಂಜೆ ಗೋಮತಿಗೆ ತೋರಿಸಿದಳು. ಗೋಮತಿ ಓದಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

“ಅತ್ತೆ, ಅವ್ಳು ಕರ್ದಿರೋದು ನಿಮ್ಮನ್ನಲ್ಲ. ಆ ಚಿನ್ನಯ್ಯನ್ನ.”

“ಚಿನ್ನಯ್ಯ ಅಂದ್ರೆ ನಾನೇ ತಾನೆ?”

“ನೀವೇ. ಆದ್ರೆ ನೀವಲ್ಲ.”

“ಮತ್ತೆ ಯಾರು?”

“ಅದೇ ನಂಗೂ ಕೊಳಪ್ಪ, ಒಂದೂ ತಿಳೀತಿಲ್ಲ,” ಎಂದಳು ಗೋಮತಿ. “ಇವ್ರಿಗೆ ಹೇಳ್ಬೇಡಿ, ಫೋನ್ ಕಿತ್ಕೊಂಡು ಬಿಡ್ತಾರೆ.”

ಎರಡು ದಿನ ಹಿಟ್ಟು ಹುಳಿ ಬಂತು. ಮೂರನೆಯ ದಿನ ಕಮಲಾತಾಳ್‌ಗೆ ಒಂದು ಉಪಾಯ ಹೊಳೆಯಿತು. ಮಾಮನಿಗೆ ಬೇಕಾದದ್ದೇನು? ಗಂಡುಮೈ, ಬಿಳೀ ಪಂಚೆ, ಮಡಿಲು. ಅದು ವೆಳ್ಳಕೋಯಿಲಿನಲ್ಲೇ ಇದೆಯಲ್ಲ! ನಂಜಪ್ಪನ್ ಈಗಲೂ ಮೀಸೆಗೆ ಬಣ್ಣ ಹಾಕುತ್ತಾನೆ, ದೊಡ್ಡಮ್ಮನ ಮಗ ಎಂದರೆ ಯಾರೂ ಇಲ್ಲವೆನ್ನಲಾರರು. ಅವನನ್ನೇ ಚಿನ್ನಯ್ಯನಾಗಿ ಕೂರಿಸಿದರಾಯಿತು. ತಾನು ಹಿಂದೆ ನಿಂತು ನೋಡಿದರೆ ಸಾಕು. ತಂಗಿಯ ಮಾನ ಉಳಿಯುತ್ತದೆ, ಅಣ್ಣನೂ ಉಳಿಯುತ್ತಾನೆ. ಒಬ್ಬರ ಬಾಯಲ್ಲಿ ಇನ್ನೊಬ್ಬರು ಮಾತಾಡಬಾರದು ಎಂಬ ಕಟ್ಟಳೆ ಅವಳಿಗೆ ನೆನಪಾಗಲಿಲ್ಲ. ಆಸೆ ಬಂದಾಗ ಯಾರಿಗೆ ತಾನೆ ಕಟ್ಟಳೆ ನೆನಪಾಗುತ್ತದೆ?

ಫೋನ್ ಮಾಡಿದಳು. ನಂಜಪ್ಪನಿಗೆ ಗುಂಪು, ವೇಷ, ಅರಳಿಪಟ್ಟಿ ಯಾವುದೂ ಹತ್ತಲಿಲ್ಲ. “ಯಾರೋ ಪಾಪದ ಹುಡುಗಿ, ಅಣ್ಣ ಇಲ್ದವ್ಳು, ಒಂದ್ ಗಳಿಗೆ ಕೂರ್ಬೇಕು. ಅಷ್ಟೇ ತಾನೆ ಅಕ್ಕಾ?” ಎಂದ.

“ಆಮಾ, ಅಷ್ಟೇ.”

“ಊಟ ಹಾಕ್ತಾರೆ ತಾನೆ?”

ಕಮಲಾತಾಳ್ ಹಾಕುತ್ತಾರೆ ಎಂದಳು. ಆಮೇಲೆ ದಿನಾ ಸಂಜೆ ಅವನಿಗೆ ಫೋನಿನಲ್ಲಿ ಪಾಠ ಹೇಳಿದಳು. ತಂಗಿ ಅನ್ನಬೇಕು, ಉಂಡೆಯಾ ಅನ್ನಬೇಕು, ಅವಸರ ಮಾಡಬಾರದು. ಕೂಸು ಅತ್ತರೆ ಏಳಬಾರದು. ಇದನ್ನು ಮಾತ್ರ ಮತ್ತೆ ಮತ್ತೆ ಹೇಳಿದಳು. ಅವನು “ಸರೀಂಗ ಅಕ್ಕಾ, ಸರೀಂಗ,” ಎನ್ನುತ್ತಿದ್ದ, ಹಿಂದಿನಿಂದ ಎಣ್ಣೆಯ ಗಿರಾಕಿಗಳ ಕೂಗು ಕೇಳಿಸುತ್ತಿತ್ತು.

ಕಿವಿ ಚುಚ್ಚುವ ಶುಕ್ರವಾರ ಕಮಲಾತಾಳ್ ನಸುಕಿನಲ್ಲೇ ಎದ್ದು ಉಕ್ಕಡದ ಬಸ್ ನಿಲ್ದಾಣಕ್ಕೆ ಬಂದು, ಮೀನಿನ ಮಾರ್ಕೆಟ್ಟಿನ ನಾತದ ನಡುವೆ ಸೋದರಮಾವ ಒಯ್ಯಬೇಕಾದ ಸೀರಿನ ಹಣ್ಣು ಹೂವಿನ ಬುಟ್ಟಿಯನ್ನು ಎದೆಗೆ ಅವಚಿಕೊಂಡು ಬಸ್ಸು ಹಿಡಿದು, ಸಿಂಗಾನಲ್ಲೂರಿನಲ್ಲಿ ಇಳಿದು ಕರೂರಿನ ಬಸ್ಸು ಹತ್ತಿದಳು. ಬುಟ್ಟಿಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಮಗುವಿಗೆ ಒಂದು ರೇಷ್ಮೆಯ ಪುಟ್ಟ ಲಂಗ. ಸೆರಗಿನ ಗಂಟಿನಲ್ಲಿ ಒಂದು ಜೊತೆ ಪುಟ್ಟ ಓಲೆ. ಸರವಣಕುಮಾರನ ಕಿವಿಗೆ ಹಿಂದೆ ನಂಜಪ್ಪನ್ ತಂದದ್ದೇ ಅದು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ: ಈಗ ಹೋಗುತ್ತಿರುವುದು ಯಾರು? ಚಿನ್ನಯ್ಯನಾದರೆ ನಂಜಪ್ಪನ್ ಯಾಕೆ? ಕಮಲಾತಾಳ್ ಆದರೆ ಅವಳನ್ನು ಕರೆದವರು ಯಾರು? ಪಲ್ಲಡಂ ಬಂತು, ಕಾಂಗೇಯಂ ಬಂತು, ಉತ್ತರ ಬರಲಿಲ್ಲ.

ನಂಜಪ್ಪನ್ ವೆಳ್ಳಕೋಯಿಲಿನಲ್ಲಿ ಬೈಕು ತಂದು ಸೇರಿಕೊಂಡ. ಇಸ್ತ್ರಿ ಮಾಡಿದ ಪಂಚೆ, ಹೆಗಲ ಮೇಲೆ ಶಲ್ಯ, ನೋಡಿದರೆ ಮಾಮನೇ. ಗಂಟು ಬಿಚ್ಚಿ ಓಲೆ ಅವನ ಕೈಗಿಟ್ಟಳು. “ಚೆನ್ನಾಗಿದೆ, ಎಲ್ಲಿ ತಗಂಡೆ ಅಕ್ಕಾ?” ಎಂದ. ಅವಳು ಬುಟ್ಟಿ ಎತ್ತಿಕೊಂಡು ಬೈಕಿನ ಹಿಂದೆ ಕೂತಳು.

ಗುಡಿಯ ಮುಂದೆ ಒಂದು ಬೇವಿನ ಮರ, ಮರದ ಕೆಳಗೆ ಚಾಪೆ, ಮಣೆ. ಕ್ಷೌರದವನು ಬ್ಲೇಡು ಹಾಕಿಕೊಂಡು ಸಿದ್ಧನಾಗಿದ್ದ, ಕಿವಿ ಚುಚ್ಚುವ ಆಚಾರಿ ತಂತಿ ತೊಳೆಯುತ್ತಿದ್ದ. ಸುಗನ್ಯಾಳ ಅತ್ತೆ ವಳ್ಳಿಯಮ್ಮ ಬಾಗಿಲಲ್ಲೇ ಎದುರಾಗಿ, “ವಾಂಗ ಮಾಮಾ, ವಾಂಗ,” ಎಂದು ನಂಜಪ್ಪನನ್ನು ಕರೆದು ಮಣೆಯ ಮೇಲೆ ಕೂರಿಸಿದಳು. ಕಮಲಾತಾಳಳ ಬೋಳು ಹಣೆ ನೋಡಿ, ಕೈಯಿಂದ ಬುಟ್ಟಿ ಮಾತ್ರ ತೆಗೆದುಕೊಂಡಳು. ಕಮಲಾತಾಳ್ ಹೇಳಿಸಿಕೊಳ್ಳದೆ ಎಲ್ಲರ ಹಿಂದೆ ಹೋಗಿ ಕಂಬದ ಪಕ್ಕ ನಿಂತಳು. ಅಭ್ಯಾಸವಾದ ಜಾಗ.

ಸುಗನ್ಯಾ ಮಗುವನ್ನು ಎತ್ತಿಕೊಂಡು ಬಂದಳು. ಕಮಲಾತಾಳ್ ಅವಳನ್ನು ನೋಡಿದ್ದು ಅದೇ ಮೊದಲು. ತೆಳ್ಳಗೆ, ಕಪ್ಪಗೆ, ನಿದ್ದೆಗೆಟ್ಟ ಕಣ್ಣು. ಜಗಲಿಯಲ್ಲಿ ಕೂತು ದಿನಾ ಮಾತಾಡಿದ ಹುಡುಗಿ ಇವಳೇ ಎನ್ನುವುದಕ್ಕೆ ಮುಖದಲ್ಲಿ ಯಾವ ಗುರುತೂ ಇರಲಿಲ್ಲ, ಆದರೂ ಎಲ್ಲಿದ್ದರೂ ಗುರುತಿಸುತ್ತಿದ್ದೆ ಎನಿಸಿತು. ಸುಗನ್ಯಾ ಮಣೆಯ ಮುಂದೆ ನಿಂತು ನಂಜಪ್ಪನನ್ನು ನೋಡಿದಳು. ಮುಖ ಅರಳಿತು.

“ಅಣ್ಣಾ, ಬಂದ್ಯಾ.”

“ಬಂದೆ ತಂಗಿ. ಉಂಡ್ಯಾ?” ಎಂದ ನಂಜಪ್ಪನ್, ಪಾಠ ಒಪ್ಪಿಸಿದ ಹಾಗೆ.

ಸುಗನ್ಯಾ ನಕ್ಕು, ಮಗುವನ್ನು ಇನ್ನೇನು ಅವನ ಮಡಿಲಿಗೆ ಇಳಿಸಬೇಕು, ತಮಾಷೆಗೋ ಪ್ರೀತಿಗೋ ಕೇಳಿದಳು: “ಎತ್ನ ಎಲ್ಲಿ ಕಟ್ಟಿದೀಯ ಅಣ್ಣಾ?”

ಇದು ಪಾಠದಲ್ಲಿರಲಿಲ್ಲ. “ಎತ್ತಾ?” ಎಂದ ನಂಜಪ್ಪನ್. “ನಮ್ಮನೇಲಿ ಎತ್ತು ಯಾವತ್ತೂ ಇಲ್ಲಮ್ಮಾ. ನಾನ್ ಎಣ್ಣೆ ವ್ಯಾಪಾರ. ಬೈಕಲ್ಲಿ ಬಂದೆ.”

ಸುಗನ್ಯಾಳ ಕೈ ನಡುವೆಯೇ ನಿಂತಿತು. ಅರಳಿದ ಮುಖ ಹಾಗೇ ಇತ್ತು, ಒಳಗಿದ್ದವಳು ಮಾತ್ರ ಹಿಂದಕ್ಕೆ ಸರಿದ ಹಾಗಿತ್ತು. ತಾನು ಕರೆದವನು ಬರಲಿಲ್ಲ, ಬಂದವನು ಯಾರೋ. ಆದರೂ ಮಗುವನ್ನು ಕೊಡಲೇಬೇಕು, ಎಲ್ಲರೂ ನೋಡುತ್ತಿದ್ದಾರೆ. ಅವಳು ತುಟಿ ಕಚ್ಚಿಕೊಂಡು ಬಗ್ಗಿದಳು.

ಕಮಲಾತಾಳ್ ಯೋಚಿಸಲಿಲ್ಲ. ಯೋಚಿಸಿದ್ದರೆ ಬಾಯಿ ಬಿಡುತ್ತಿರಲಿಲ್ಲ.

“ಬೇವಿನ ನೆಳ್ಳಲ್ಲಿ ಕಟ್ಟಿದೀನಿ ತಂಗಿ,” ಎಂದಳು ಕಂಬದ ಪಕ್ಕದಿಂದ. “ಬಲಗಡೇದು ಇನ್ನೂ ಕಾಲೂರ್ತಿಲ್ಲೆ.”

ಎಲ್ಲರೂ ತಿರುಗಿದರು. ಎರಡು ವರ್ಷ ಟೈಪ್ ಮಾಡಿದ್ದ ಮಾತನ್ನು ಅವಳ ಗಂಟಲು ಮೊದಲ ಸಲ ಆಡಿತ್ತು, ಅದು ಹೆಂಗಸಿನ ದನಿಯಾಗಿತ್ತು. ಸುಗನ್ಯಾ ನೋಡಿದಳು. ಬಿಳೀ ತಲೆ, ಬೋಳು ಹಣೆ, ಮಾಸಿದ ಸೀರೆ. ಅವಳ ಕಣ್ಣಿನಲ್ಲಿ ಏನೋ ಆರಿದ್ದು ಕಮಲಾತಾಳ್‌ಗೆ ಕಾಣಿಸಿತು. ಮುಗಿಯಿತು, ಅಣ್ಣನನ್ನು ನಾನೇ ಕೊಂದೆ ಎಂದುಕೊಂಡಳು. ಕಂಬ ಹಿಡಿದುಕೊಂಡಳು.

ಸುಗನ್ಯಾಳ ನೋಟ ಕೆಳಗಿಳಿದು ಅವಳ ಕಾಲಿನ ಮೇಲೆ ನಿಂತಿತು. ಎರಡೂ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತಿತ್ತು.

“ಕಾಲ್ ನೋವು ಹೆಂಗಿದೆ ಅಣ್ಣಾ?” ಎಂದಳು ಸುಗನ್ಯಾ.

ಕಮಲಾತಾಳ್ ಕಾಲನ್ನು ಸೀರೆಯ ಅಂಚಿನಡಿಗೆ ಎಳೆದುಕೊಂಡಳು. ಸುಗನ್ಯಾ ನಂಜಪ್ಪನ ಕಡೆ ತಿರುಗಿ ಮರ್ಯಾದೆಯಿಂದಲೇ, “ನೀವ್ ಏಳಿ ಮಾಮಾ. ನಮ್ಮಣ್ಣ ಅಲ್ಲಿದಾನೆ,” ಎಂದಳು.

ವಳ್ಳಿಯಮ್ಮ ಮುಂದೆ ಬಂದಳು. “ಏನಮ್ಮಾ ಇದು? ದೊಡ್ಡಮ್ಮನ ಮಗ ಅಂದೆ. ಇದು ಹೆಂಗಸು. ಅದ್ರಲ್ಲೂ ತಾಳಿ ಇಲ್ದವ್ಳು. ಕೂಸ್ನ ಇಂಥವ್ರ ಮಡ್ಲಲ್ಲಿ ಕೂರಿಸ್ತಾರಾ?”

“ನಮ್ಮಣ್ಣನಿಗೆ ತಾಳಿ ಯಾಕತ್ತೆ?” ಎಂದಳು ಸುಗನ್ಯಾ.

ವಳ್ಳಿಯಮ್ಮ ಆ ಮಾತಿನಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ. ಅಣ್ಣನಿಗೆ ತಾಳಿ ಇರುವುದಿಲ್ಲ, ಅದು ಸರಿ. ಆದರೆ ಇದು ಅಣ್ಣನೇ ಅಲ್ಲವಲ್ಲ. ಅಲ್ಲವೆಂದರೆ ಸೊಸೆ ಯಾಕೆ ಇಷ್ಟು ನೆಟ್ಟಗೆ ನಿಂತಿದ್ದಾಳೆ? ಅವಳು ಮಗನ ಮುಖ ನೋಡಿದಳು. ಮಗ ಆಕಾಶ ನೋಡಿದ. ಕ್ಷೌರದವನು, “ಯಾರಾದ್ರೂ ಕೂತ್ಕೊಳಿಯಮ್ಮಾ, ಬಿಸ್ಲು ಏರ್ತಾ ಇದೆ,” ಎಂದು ತಮಿಳಿನಲ್ಲಿ ಗೊಣಗಿದ.

“ಒಂದ್ ಸಲ ಹೇಳಿದ್ನ ಅಳಿಸ್ಬಾರ್ದು,” ಎಂದಳು ಸುಗನ್ಯಾ, ಕಮಲಾತಾಳಳನ್ನೇ ನೋಡುತ್ತ. “ಬಾ ಅಣ್ಣಾ.”

ಕಟ್ಟಳೆ ಇಬ್ಬರಿಗೂ ಗೊತ್ತಿತ್ತು. ಇಲ್ಲವೆನ್ನುವ ಹಕ್ಕು ಕಮಲಾತಾಳ್‌ಗೆ ಇರಲಿಲ್ಲ. ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಮಣೆಯ ಮೇಲೆ ಕಷ್ಟಪಟ್ಟು ಕೂತು ಮಡಿಲು ಒಡ್ಡಿದಳು. ನಂಜಪ್ಪನ್ ಓಲೆಯನ್ನು ಅಕ್ಕನ ಕೈಗೆ ವಾಪಸು ಕೊಟ್ಟು, ಕಿವಿಯ ಹತ್ತಿರ ಬಗ್ಗಿ, “ಹಂಗಾದ್ರೆ ನಾನ್ ಊಟಕ್ಕೆ ಹೋಗ್ಲಾ ಅಕ್ಕಾ?” ಎಂದ.

“ಹೋಗು,” ಎಂದಳು. ಅವನ ಬೆನ್ನು ನೋಡಿ ಈ ಸಲ ನಗು ಬಂತು.

ಕೂದಲು ಬಿತ್ತು. ಆಚಾರಿ ಒಂದು ಕಿವಿ ಚುಚ್ಚಿದಾಗ ಮಗು ಗುಡಿ ಹಾರಿಹೋಗುವ ಹಾಗೆ ಕಿರುಚಿತು, ಎರಡನೆಯದಕ್ಕೆ ಕಮಲಾತಾಳಳ ಕೈ ಕಚ್ಚಿತು. ಅವಳು ಕೈ ಎಳೆದುಕೊಳ್ಳಲಿಲ್ಲ. ಬೋಳುತಲೆಗೆ ಗಂಧ ಹಚ್ಚಿದರು. ಹೆಂಗಸರು ಒಬ್ಬೊಬ್ಬರಾಗಿ ಎಲೆಯ ಕಡೆ ಹೋದರು. ವಳ್ಳಿಯಮ್ಮ ಕುಂಕುಮದ ತಟ್ಟೆ ಹಿಡಿದು ಬಂದವಳು ಅವಳ ಮುಂದೆ ನಿಂತು, ಏನು ಮಾಡಬೇಕೋ ತಿಳಿಯದೆ, ಕಡೆಗೆ ಗಂಡಸರಿಗೆ ಕೊಡುವ ಶಲ್ಯವನ್ನೇ ತಂದು ಅವಳ ಹೆಗಲಿಗೆ ಹಾಕಿ ಹೋದಳು.

ಮಗು ಬಿಕ್ಕಿ ಬಿಕ್ಕಿ, ಹಾಗೇ ಮಡಿಲಲ್ಲಿ ನಿದ್ದೆ ಹೋಯಿತು. ಸುಗನ್ಯಾ ಪಕ್ಕದಲ್ಲಿ ಕೂತಳು. ಹೆಸರು ಕೇಳುತ್ತಾಳೆ ಎಂದು ಕಮಲಾತಾಳ್ ಕಾದಳು. ಕೇಳಲಿಲ್ಲ.

“ಕಾಲ್ ಜೋಮು ಹಿಡಿದಿರ್ತದೆ, ಕೊಡು, ಇವಳ್ನ ಚಾಪೆ ಮೇಲೆ ಮಲಗಿಸ್ತೀನಿ. ನೀನ್ ಉಣ್ಣೋಗು,” ಎಂದಳು.

ಕಾಲು ನಿಜವಾಗಿಯೂ ಸತ್ತುಹೋಗಿತ್ತು. ಕೂತಿರುವುದು ತಾನೋ ಚಿನ್ನಯ್ಯನೋ ಎಂಬುದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಗೊತ್ತಾಗುವ ಲಕ್ಷಣವೂ ಇರಲಿಲ್ಲ.

“ಪಾಪು ತಾನಾಗೇ ಎದ್ದೇಳ್ಲಿ ಬಿಡು ತಂಗಿ,” ಎಂದಳು ಕಮಲಾತಾಳ್. “ಎತ್ತು ನೆಳ್ಳಲ್ಲೇ ಇದಾವೆ.”